ಅರ್ಧ ಚಿಮಣಿ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾವು ಕೊಂಡಿದ್ದು ವಿಕ್ಟೋರಿಯಾ ಕಾಲದ ಸಾಲುಮನೆ. ಆಗೆಲ್ಲ ಕೋಣೆಗೊಂದು ಅಗ್ಗಿಷ್ಟಿಕೆ, ಒಂದೊಂದಕ್ಕೂ ಬೇರೆ ಹೊಗೆದಾರಿ. ಎಲ್ಲವೂ ಮಾಡಿನ ಮೇಲೆ ಒಂದೇ ಇಟ್ಟಿಗೆ ಚಿಮಣಿಯಲ್ಲಿ ಕೂಡುತ್ತವೆ. 1952ರಲ್ಲಿ ಲಂಡನ್ನಿನ ಹೊಗೆಮಂಜಿಗೆ ಸಾವಿರಾರು ಜನ ಸತ್ತರು, 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು. ಮುಂದೆ ಕಲ್ಲಿದ್ದಲು ಹೋಗಿ ಗ್ಯಾಸ್ ಬಂತು. ಹಿಂದಿನ ಮಾಲೀಕರ್ಯಾರೋ ನಮ್ಮ ಅಗ್ಗಿಷ್ಟಿಕೆಗಳ ಬಾಯಿಗೆ ಹಲಗೆ ಬಡಿಸಿ, ಪ್ಲಾಸ್ಟರ್ ಮೆತ್ತಿಸಿ ಕೈತೊಳೆದುಕೊಂಡಿದ್ದರು. ಚಿಮಣಿ ಮಾತ್ರ ಮೇಲೆ ಮಳೆ ಕುಡಿಯುತ್ತ ನಿಂತಿತ್ತು.

ಮಲಗುವ ಕೋಣೆಯ ಗೋಡೆಯಲ್ಲಿ ಕಂದು ಕಲೆ ಎದ್ದಿತು. ಬಣ್ಣ ಬಳಿದರೂ ಮತ್ತೆ ಮೂಡುತ್ತಿತ್ತು. ನೋಡಲು ಬಂದ ಮಾಡಿನ ಕೆಲಸದವನು ರಸ್ತೆಯಲ್ಲೇ ನಿಂತು ಕತ್ತೆತ್ತಿ, "ತೆಗೆಸಿಬಿಡಿ, ಮೇಲೆ ಹಂಚು ಹೊದಿಸಿದರೆ ಮುಗೀತು" ಎಂದ. ಊರಿಂದ ಫೋನಿನಲ್ಲಿ ಅಮ್ಮನದೂ ಅದೇ ರಾಗ: "ಒಲೆನೇ ಇಲ್ಲ ಅಂದ್ಮೇಲೆ ಹೊಗೆಗೂಡು ಯಾಕೋ? ಕೀಳ್ಸಿ ಹಾಕು."

ನನಗೂ ಅದೇ ಸರಿ ಅನ್ನಿಸಿತ್ತು. ಆದರೆ ಇನ್ನೊಬ್ಬರನ್ನೂ ಕೇಳೋಣ ಎಂದಳು ಹೆಂಡತಿ. ಈ ಸಲ ಬಂದವರು ವಯಸ್ಸಾದ ಗಾರೆಯವರು. ಮೊದಲು ಮಾಡು ನೋಡಲಿಲ್ಲ. ಗೋಡೆಯ ಕಲೆ ಮುಟ್ಟಿದರು, ಮೂಸಿದರು. "ಇದು ಮಳೆ ಬಂದಾಗ ಹೆಚ್ಚುತ್ತದೋ, ಮಳೆಯಿಲ್ಲದೆ ಬರೀ ಗಾಳಿ ತೇವವಾಗಿರುವ ದಿನಗಳಲ್ಲೂ ಒದ್ದೆಯಾಗುತ್ತದೋ?" ಹೆಂಡತಿ ಇದನ್ನು ಗಮನಿಸಿದ್ದಳು: ಮಳೆಯಿಲ್ಲದಿದ್ದರೂ ಒದ್ದೆ. ಹಾಗಿದ್ದರೆ ಇದು ಸೋರಿಕೆಯಲ್ಲ ಎಂದರು. ನೂರು ವರ್ಷದ ಮಸಿಯಲ್ಲಿದ್ದ ಲವಣ ಇಟ್ಟಿಗೆಗೆ ಇಳಿದಿದೆ, ಮಳೆಗಾಲದ ಉಪ್ಪಿನ ಭರಣಿಯಂತೆ ಗಾಳಿಯ ತೇವ ಎಳೆದುಕೊಳ್ಳುತ್ತಿದೆ. ಹೊಗೆದಾರಿಯ ಬಾಯಿ ಮುಚ್ಚಿದವರು ಒಂದು ಗಾಳಿಕಿಂಡಿಯನ್ನೂ ಬಿಟ್ಟಿಲ್ಲ. ಅಂದರೆ ಮೇಲಿನ ಗೋಪುರ ಕೆಡವಿಸಿದ್ದರೂ ಕಲೆ ಅಲ್ಲೇ ಇರುತ್ತಿತ್ತು!

ಹಾಗಂತ ಮೇಲೆ ಎಲ್ಲ ಸರಿಯಿರಲಿಲ್ಲ. ಅಟ್ಟ ಹತ್ತಿದರೆ ಚಿಮಣಿಯ ಹಿಂಬದಿ ನಿಜವಾಗಿಯೂ ಸೋರುತ್ತಿತ್ತು. ಇಟ್ಟಿಗೆಗೂ ಹಂಚಿಗೂ ನಡುವಿನ ಸೀಸದ ಹಾಳೆ ಸೀಳಿತ್ತು. ಹಿಂದೆ ಯಾರೋ ಸುಣ್ಣದ ಗಾರೆ ಕೆರೆದು ಸಂದುಗಳಿಗೆ ಸಿಮೆಂಟ್ ತುಂಬಿದ್ದರು. ಹಳೆಯ ಇಟ್ಟಿಗೆ ಮೆತ್ತಗಿನದು. ಹೀರಿದ ನೀರು ಸಿಮೆಂಟಿನ ಸಂದಿನಿಂದ ಹೊರಬರಲಾಗದೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಇಟ್ಟಿಗೆಯ ಮುಖವನ್ನೇ ಚಕ್ಕೆಚಕ್ಕೆಯಾಗಿ ಎಬ್ಬಿಸಿತ್ತು.

ಕೆಡವುವ ಯೋಚನೆಯನ್ನು ಪೂರ್ತಿ ಕೈಬಿಡಿಸಿದ್ದು ಪಕ್ಕದ ಮನೆಯ ಅಜ್ಜಿ. ಚಿಮಣಿ ಎರಡು ಮನೆಗಳ ನಡುಗೋಡೆಯ ಮೇಲಿದೆ, ಅರ್ಧ ಅವರದು. ಅವರ ಗ್ಯಾಸ್ ಬೆಂಕಿಯ ಹೊಗೆ ಈಗಲೂ ಆ ಅರ್ಧದಿಂದಲೇ ಹೋಗಬೇಕು. ನಮ್ಮರ್ಧ ಕೆಡವಿದರೆ ಅವರರ್ಧ ಒಂಟಿಗಾಲಲ್ಲಿ ನಿಲ್ಲುತ್ತದೆ. 1996ರ ನಡುಗೋಡೆ ಕಾಯ್ದೆಯ ಪ್ರಕಾರ ಎರಡು ತಿಂಗಳು ಮುಂಚೆ ನೋಟಿಸ್ ಬೇರೆ ಕೊಡಬೇಕು. "ನೋಟಿಸ್ ಕೊಡಪ್ಪ, ಓದ್ತೀನಿ. ಆದರೆ ನನ್ನ ಬೆಂಕಿ ಆರಬಾರದು" ಎಂದರು, ಚಹಾ ಸುರಿಯುತ್ತಾ. ಚಿಮಣಿಯ ಕೆಳಗೆ, ಕೋಣೆಯೊಳಗೆ ಉಬ್ಬಿರುವ ಭಾಗವನ್ನಷ್ಟೇ ಒಡೆದು ಜಾಗ ಮಾಡಿಕೊಳ್ಳೋಣ ಎಂಬ ಆಸೆಯೂ ನನಗಿತ್ತು. ಮೇಲೆ ಉಳಿಯುವ ಇಟ್ಟಿಗೆಯ ಭಾರಕ್ಕೆ ಉಕ್ಕಿನ ಆಸರೆ, ಅದಕ್ಕೆ ಕಟ್ಟಡ ನಿಯಮದ ಒಪ್ಪಿಗೆ ಬೇಕೆಂದಾಗ ಅದೂ ಇಳಿಯಿತು.

ರಿಪೇರಿಯೇ ಎಂದು ನಿಶ್ಚಯವಾದ ಮೇಲೂ ಕಾಯಬೇಕಾಯಿತು. ಚಿಮಣಿಯ ತುದಿಯಲ್ಲಿ ಹೊಗೆ ಹೊರಬೀಳಲು ಇಟ್ಟ ಕುಂಡಗಳಲ್ಲಿ ಒಂದರಲ್ಲಿ, ಕಾಗೆಯ ಜಾತಿಯ ಜಾಕ್‌ಡಾ ಹಕ್ಕಿಗಳು ಸಂಸಾರ ಹೂಡಿದ್ದವು. ಬಳಕೆಯಲ್ಲಿರುವ ಗೂಡು ಕೀಳುವುದು 1981ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಅವು ಹಾರುವ ತನಕ ಕಾಯಬೇಕು, ಆದರೆ ಹಿಮ ಬೀಳುವಷ್ಟರಲ್ಲಿ ಸುಣ್ಣದ ಗಾರೆ ಗಟ್ಟಿಯಾಗಿರಬೇಕು. ಹೀಗೆ ಉಳಿದದ್ದು ಸೆಪ್ಟೆಂಬರ್.

ಸಿಮೆಂಟ್ ಕೆರೆದು ಸುಣ್ಣದ ಗಾರೆ ತುಂಬಿದರು, ಹೊಸ ಸೀಸ ಹೊದಿಸಿದರು, ನಮ್ಮ ಕುಂಡಗಳಿಗೆ ಗಾಳಿಯಾಡುವ ಟೋಪಿ ಹಾಕಿದರು. ಕೆಳಗೆ ಹಲಗೆ ಕಿತ್ತಾಗ ಮಸಿ, ಕಡ್ಡಿ, ಗರಿ ಎಲ್ಲ ನಡುಮನೆಗೆ ಸುರಿಯಿತು. ಕಲೆಯ ಪ್ಲಾಸ್ಟರ್ ಕಿತ್ತು ಬೇರೆ ಮಾಡಿಸಿ, ಗಾಳಿಕಿಂಡಿ ಕೂರಿಸಿದೆವು. ಖರ್ಚಿನಲ್ಲಿ ದೊಡ್ಡ ಪಾಲು ಗಾರೆಯದಲ್ಲ, ಅಟ್ಟಣೆಯದು. ಅದೇ ಅಟ್ಟಣೆಯಲ್ಲಿ ಅಜ್ಜಿ ತಮ್ಮ ಪಾಲಿನದನ್ನೂ ಮಾಡಿಸಿಕೊಂಡಿದ್ದರಿಂದ ಬಾಡಿಗೆ ಹಂಚಿಹೋಯಿತು.

ಈಗ ಸಾಲಿನ ಕೊನೆಯ ಮನೆಯವರು ನಮ್ಮ ಗಾರೆಯವರ ನಂಬರ್ ಕೇಳಿದ್ದಾರೆ. ಅವರ ಚಿಮಣಿ ಪೂರ್ತಿ ಅವರದೇ, ಒಳಗೆ ಯಾವ ಬೆಂಕಿಯೂ ಇಲ್ಲ, ಮೇಲಾಗಿ ರಸ್ತೆಯ ಕಡೆಗೆ ವಾಲಿದೆ. ನಂಬರ್ ಕೊಟ್ಟು, "ನಿಮ್ಮದನ್ನು ಇಳಿಸಿಬಿಡುವುದೇ ವಾಸಿ" ಎಂದೆ.