ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಶಿರಸಿ ತನಕ ಕಾರಲ್ಲಾ?

"ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಕಾರಲ್ಲಿ ಹೇಗೆ ಹೋಗ್ತೀರಾ? ರಾತ್ರಿ ಬಸ್ಸಲ್ಲಿ ಮಲಗಿಸಿಕೊಂಡು ಹೋದ್ರೆ ಆಗಲ್ವಾ?"

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಆಫೀಸಲ್ಲಿ, ಅಪಾರ್ಟ್‌ಮೆಂಟಿನ ಲಿಫ್ಟಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ ಈ ಪ್ರಶ್ನೆ ಶುರುವಾಗುತ್ತದೆ. ನಾವಿರುವುದು ಬೆಂಗಳೂರಲ್ಲಿ. ನನ್ನ ತವರು ಶಿರಸಿ ಹತ್ತಿರದ ಹಳ್ಳಿ, ಗಂಡನ ಮನೆ ಕುಮಟಾ. ಮಗಳಿಗೆ 6 ವರ್ಷ, ಮಗನಿಗೆ 2. ನಿಂತಲ್ಲೇ ಅರ್ಧ ಉತ್ತರ ಕೊಡುವ ಬದಲು ಇಲ್ಲಿ ಪೂರ್ತಿ ಬರೆಯುತ್ತೇನೆ.

ಮೊದಲು ಬಸ್ಸಿನ ವಿಷಯ. ಮಕ್ಕಳಾಗುವ ಮುಂಚೆ ನಾವೂ ರಾತ್ರಿ ಬಸ್ಸಿನವರೇ. ದೊಡ್ಡವರಿಗೆ ಅದು ಬಹಳ ಅನುಕೂಲ. ಆದರೆ ಮಗುವಿಗೆ ನಡುರಾತ್ರಿ ಉಚ್ಚೆ ಬಂದರೆ, ವಾಂತಿ ಬಂದರೆ, ಬಸ್ಸು ನಮ್ಮ ಕೈಯಲ್ಲಿಲ್ಲ. ಶಿರಸಿಗೆ ರೈಲಂತೂ ಇಲ್ಲ. ಹಾವೇರಿಯಲ್ಲೋ ತಾಳಗುಪ್ಪದಲ್ಲೋ ಇಳಿದು, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬ್ಯಾಗು ಎಳೆದುಕೊಂಡು ಇನ್ನೊಂದು ಬಸ್ಸು ಹಿಡಿಯಬೇಕು. ಕಾರಾದರೆ ಬೇಕಾದಾಗ ನಿಲ್ಲಿಸಬಹುದು. ನಾವು ಕಾರು ತೆಗೆಯುವುದು ಇದೊಂದೇ ಕಾರಣಕ್ಕೆ. ಆಮೇಲೆ ಎಲ್ಲೂ ನಿಲ್ಲಿಸದೆ ಓಡಿಸಿದರೆ ಏನು ಬಂತು ಭಾಗ್ಯ?

ಬೆಂಗಳೂರಿಂದ ಶಿರಸಿಗೆ ಸುಮಾರು 400 ಕಿಲೋಮೀಟರ್. ಗಂಡ ಹೆಂಡತಿ ಇಬ್ಬರೇ ಆದರೆ ನಸುಕಿನಲ್ಲಿ ಹೊರಟು ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಮಕ್ಕಳಿದ್ದರೆ ಆ ಲೆಕ್ಕ ಬಿಡಿ, ಇಡೀ ದಿನ ದಾರಿಗೇ ಕೊಟ್ಟುಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಇಷ್ಟೇ ಗಂಟೆಗೆ ತಲುಪ್ತೀವಿ ಅಂತ ಊರಲ್ಲಿ ಯಾರಿಗೂ ಹೇಳಬೇಡಿ. ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. "ಊಟಕ್ಕೆ ಬಂದುಬಿಡ್ತೀವಿ" ಅಂದರೆ ಅಲ್ಲಿ ಆಯಿ 12 ಗಂಟೆಗೇ ಬಾಳೆಲೆ ಕೊಯ್ದಿಟ್ಟು ಕಾಯುತ್ತಾಳೆ. ಅಪ್ಪ ಉಣ್ಣದೆ ಜಗಲಿಯಲ್ಲಿ ಕೂರುತ್ತಾನೆ. ಸ್ವಲ್ಪ ಹೊತ್ತಿಗೊಂದು ಫೋನು: "ಎಲ್ಲಿ ಬಂದ್ರಿ? ಹಾವೇರಿ ದಾಟ್ತಾ?" ಅವರದು ಪ್ರೀತಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ಅವಸರ ನೇರವಾಗಿ ಗಾಡಿ ಓಡಿಸುವವರ ಕಾಲಿಗಿಳಿಯುತ್ತದೆ. ಹಿಂದೆ ಮಗು ಅಳುತ್ತಿರುತ್ತದೆ, ಮುಂದೆ ಕೂತವರು "ಇನ್ನೇನು ಬಂತು, ತಡ್ಕೋ" ಅನ್ನುತ್ತಿರುತ್ತಾರೆ. ಅದಕ್ಕೇ ನಾನು ಹೇಳುವುದು ಇಷ್ಟೇ: "ದೀಪ ಹಚ್ಚುವ ಹೊತ್ತಿಗೆ ಅಲ್ಲಿರ್ತೀವಿ. ನೀವು ಮಧ್ಯಾಹ್ನ ಊಟ ಮಾಡಿ ಮಲಗಿ."

"ರಾತ್ರಿ ಹೊರಡಿ, ಮಕ್ಕಳು ಮಲಗಿರ್ತಾರೆ, ರಗಳೆಯೇ ಇಲ್ಲ" ಅಂತ ಸಲಹೆ ಕೊಡುವವರು ಜಾಸ್ತಿ. ನನಗದು ಒಪ್ಪಿಗೆಯಿಲ್ಲ. ಮಕ್ಕಳು ಮಲಗುತ್ತಾರೆ ನಿಜ, ಓಡಿಸುವವರು ಎದ್ದಿರಬೇಕಲ್ಲ. ಇಡೀ ದಿನ ಆಫೀಸಲ್ಲಿ ದುಡಿದು, ಸಾಮಾನು ಕಟ್ಟಿಟ್ಟು, ಕತ್ತಲಲ್ಲಿ ಲಾರಿಗಳ ಮಧ್ಯೆ ಹೆದ್ದಾರಿ ಹಿಡಿಯುವುದು ಬೇಡವೇ ಬೇಡ. ನಾವು ಬೆಳಿಗ್ಗೆ 5ಕ್ಕೆ ಹೊರಡುತ್ತೇವೆ. ಮಕ್ಕಳನ್ನು ಮಲಗಿದ ಬಟ್ಟೆಯಲ್ಲೇ ಎತ್ತಿ ಸೀಟಿಗೆ ಕಟ್ಟುತ್ತೇವೆ. ಅವರು ಕಣ್ಣು ಬಿಡುವಷ್ಟರಲ್ಲಿ ನೆಲಮಂಗಲದ ಗದ್ದಲ ಮುಗಿದು ತುಮಕೂರು ಹಿಂದೆ ಬಿದ್ದಿರುತ್ತದೆ.

ತಿಂಡಿಗೆ ಶಿರಾ ಅಥವಾ ಹಿರಿಯೂರಿನ ಆಸುಪಾಸು ನಿಲ್ಲಿಸುತ್ತೇವೆ. ಮಕ್ಕಳಿಗೆ ಇಡ್ಲಿ. ದಾವಣಗೆರೆ ಬೆಣ್ಣೆ ದೋಸೆ ನನಗೂ ಪ್ರಾಣ, ಆದರೆ ದಾರಿಯಲ್ಲಿ ಚಿಕ್ಕ ಹೊಟ್ಟೆಗೆ ಅಷ್ಟು ಬೆಣ್ಣೆ ಬೇಡ. ಚಿತ್ರದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರಗಳು ಕಾಣಿಸಿಕೊಂಡರೆ ಮಗಳ ಎಣಿಕೆ ಶುರು. ತಿರುಗುವುದಕ್ಕೆ ಒಂದು ಲೆಕ್ಕ, ನಿಂತಿರುವುದಕ್ಕೆ ಬೇರೆ ಲೆಕ್ಕ. ಮಧ್ಯೆ ತಪ್ಪಿದರೆ ತಮ್ಮನ ಮೇಲೆ ಸಿಟ್ಟು, ಮತ್ತೆ ಒಂದರಿಂದ. ಹರಿಹರದಲ್ಲಿ ತುಂಗಭದ್ರೆ ದಾಟುವಾಗ ಇಬ್ಬರೂ ಕಿಟಕಿಗೆ ಮೂಗು ಒತ್ತುತ್ತಾರೆ. ತುಂಗಾ ಒಂದು ಹೊಳೆ, ಭದ್ರಾ ಇನ್ನೊಂದು, ಎರಡೂ ಕೂಡಲಿಯಲ್ಲಿ ಒಂದಾಗಿ ಇಲ್ಲಿಗೆ ಬರುತ್ತವೆ ಅಂತ ಮಗಳಿಗೆ ಹೇಳಿದೆ. "ಹಾಗಾದ್ರೆ ಈ ಕಡೆಯ ನೀರು ತುಂಗಾನಾ, ಆ ಕಡೆಯದು ಭದ್ರಾನಾ?" ಅಂತ ಕೇಳಿದಳು. ರಾಣೆಬೆನ್ನೂರು ತನಕ ಅದೇ ಚರ್ಚೆ. ಇಂಥ ಮಾತು ರಾತ್ರಿ ಬಸ್ಸಲ್ಲಿ ಹುಟ್ಟುವುದಿಲ್ಲ.

ಹಾವೇರಿಯಲ್ಲಿ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ ಮೇಲೆ ಹೊಲಗಳು ಹಿಂದೆ ಸರಿದು ನಿಧಾನಕ್ಕೆ ಕಾಡು, ಅಡಿಕೆ ತೋಟ ಬರುತ್ತವೆ. ಶಿರಸಿ ದಾಟಿ ನಮ್ಮೂರ ದಾರಿ ಹಿಡಿದರೆ ಬರೀ ತಿರುವು. ಕುಮಟಾಕ್ಕೆ ಇಳಿಯುವುದಾದರೆ ದೇವಿಮನೆ ಘಟ್ಟ. ವಾಂತಿಯ ಪ್ರಶ್ನೆ ಬರುವುದು ಇಲ್ಲೇ.

ವಾಂತಿ ಯಾಕೆ ಬರುತ್ತದೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗಾಡಿ ತಿರುಗುವುದು, ಓಲಾಡುವುದು ಒಳಕಿವಿಗೆ ಗೊತ್ತಾಗುತ್ತದೆ. ಕಣ್ಣು ಮಾತ್ರ ಮೊಬೈಲಿನ ಮೇಲೋ ಪುಸ್ತಕದ ಮೇಲೋ ಇದ್ದರೆ "ಏನೂ ಅಲ್ಲಾಡ್ತಿಲ್ಲ" ಅನ್ನುತ್ತದೆ. ಇವೆರಡರ ಮಾತು ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. 2 ವರ್ಷದೊಳಗಿನ ಮಕ್ಕಳಿಗೆ ಈ ಕಾಟ ಕಡಿಮೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ ಜಾಸ್ತಿ. ಹಾಗಾಗಿ ತಿರುವಿನ ದಾರಿಯಲ್ಲಿ ಮೊಬೈಲು ಬಂದ್. ಅದಕ್ಕೆ ನಮ್ಮನೆಯಲ್ಲಿ ರಿಯಾಯಿತಿ ಇಲ್ಲ. ಘಟ್ಟಕ್ಕೆ ಮೊದಲು ಒಮ್ಮೆ ಇಳಿಸಿ ಓಡಾಡಿಸುತ್ತೇವೆ. ಹೊಟ್ಟೆ ಬಿರಿಯುವಷ್ಟು ತಿನ್ನಿಸುವುದಿಲ್ಲ, ಪೂರ್ತಿ ಖಾಲಿಯೂ ಇಡುವುದಿಲ್ಲ. ಕಿಟಕಿ ಸ್ವಲ್ಪ ಇಳಿಸಿ, ಮುಂದಿನ ರಸ್ತೆ ನೋಡಲು ಹೇಳುತ್ತೇವೆ. ಮಗಳಿಗೆ ನಿಂಬೆಹಣ್ಣು ಮೂಸಿದರೆ ಸಮಾಧಾನ. ಔಷಧಿ ಕೊಡುವುದಾದರೆ ಎಷ್ಟು, ಯಾವಾಗ ಅಂತ ಮಕ್ಕಳ ಡಾಕ್ಟರನ್ನೇ ಕೇಳಿ. ಪಕ್ಕದ ಮನೆಯವರು ಹೇಳಿದರು ಅಂತ ಕೊಡಬೇಡಿ. ಪ್ಲಾಸ್ಟಿಕ್ ಕವರು, ಒದ್ದೆ ಬಟ್ಟೆ, ಒಂದೊಂದು ಜೊತೆ ಅಂಗಿ ಕೈಗೆ ಸಿಗುವ ಚೀಲದಲ್ಲಿರಲಿ. ಡಿಕ್ಕಿಯ ತಳದಲ್ಲಿದ್ದರೆ ಇದ್ದೂ ಇಲ್ಲದ ಹಾಗೆ.

ಇನ್ನು ಮಕ್ಕಳ ಸೀಟು. ಊರಲ್ಲಿ ನಾನು ಜಾಸ್ತಿ ವಾದ ಮಾಡಿರುವುದು ಇದರ ಬಗ್ಗೆ. "ತೊಡೆ ಮೇಲೆ ಕೂರಿಸಿಕೊಂಡ್ರೆ ಸಾಲ್ದಾ? ನಾವೆಲ್ಲ ಹಾಗೇ ದೊಡ್ಡವರಾಗಲಿಲ್ವಾ?" ಅನ್ನುತ್ತಾರೆ. ಸಾಲುವುದಿಲ್ಲ. 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಗಾಡಿ ಎಲ್ಲಾದರೂ ಗುದ್ದಿದರೆ 12 ಕಿಲೋ ತೂಗುವ ಮಗುವನ್ನು ಎಂಥ ಗಟ್ಟಿಗನೂ ಕೈಯಲ್ಲಿ ಹಿಡಿದಿಡಲಾರ. ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1000 ರೂಪಾಯಿ ದಂಡ. ದಂಡ ಹಾಗಿರಲಿ, ಮಗು ನಮ್ಮದು.

ಹೆದ್ದಾರಿಯಲ್ಲಿ ಈ ನಿಯಮ ಪಾಲಿಸುವುದು ಸುಲಭ. ಕಷ್ಟ ಬರುವುದು ಊರು ಮುಟ್ಟಿದ ಮೇಲೆ. ದೊಡ್ಡಮ್ಮನ ಮನೆಗೆ ಹೊರಟರೆ ಆಯಿ, ಚಿಕ್ಕಮ್ಮ, ಅವಳ ಮಗ, ಎಲ್ಲರೂ ಇದೇ ಕಾರಿಗೆ. "ಆ ಸೀಟು ತೆಗೆದಿಡೇ, ಇಲ್ಲೇ ಹತ್ತಿರ ಅಲ್ದಾ" ಅನ್ನುತ್ತಾರೆ. ಆ ಮಾತಿಗೆ ಒಪ್ಪಿ ಸೀಟು ತೆಗೆದರೆ ಮತ್ತೆ ಹಾಕುವುದು ಬೆಂಗಳೂರಿಗೆ ಹೊರಡುವ ದಿನವೇ. ನಾನು ತೆಗೆಯುವುದಿಲ್ಲ. ಇನ್ನೊಂದು ಟ್ರಿಪ್ ಹೊಡೆಯುತ್ತೇವೆ. ಮೊದಮೊದಲು ಚಿಕ್ಕಮ್ಮನಿಗೆ ಬೇಜಾರಾಗಿತ್ತು. ಈಗ ಅವಳೇ ಹತ್ತುವ ಮುಂಚೆ ಮಗನ ಬೆಲ್ಟ್ ಸರಿಯಾಗಿದೆಯಾ ಅಂತ ಎಳೆದು ನೋಡುತ್ತಾಳೆ.

ತಲುಪಿದ ಮೇಲಿನ ಮೊದಲ ಅರ್ಧ ಗಂಟೆ ಬಹಳ ಮುಖ್ಯ. ಇಡೀ ದಿನ ಸೀಟಿನಲ್ಲಿ ಕೂತು ಬಂದ ಮಗು ಅಂಗಳಕ್ಕೆ ಇಳಿದ ಕೂಡಲೇ ಹತ್ತು ಕೈ ಮುಂದೆ ಬರುತ್ತವೆ. "ಅಪ್ಪೀ, ಬಾರಾ ಇಲ್ಲಿ. ನಾ ಯಾರು ಹೇಳು ನೋಡನ?" ಮಗ ನನ್ನ ಕುತ್ತಿಗೆ ಬಿಡುವುದಿಲ್ಲ. "ಅಯ್ಯೋ, ಗುರ್ತೇ ಇಲ್ಲೆ" ಅಂತ ಅವರಿಗೆ ನೋವು. ಇದಕ್ಕೆ ಅಪ್ಪನದೇ ಒಂದು ದಾರಿ ಇದೆ. ಅವನು ಮೊಮ್ಮಗನನ್ನು ಏನೂ ಕೇಳುವುದಿಲ್ಲ, ಎತ್ತಲೂ ಹೋಗುವುದಿಲ್ಲ. ಒಂದು ಹಿಡಿ ಹಸಿ ಹುಲ್ಲು ಹಿಡಿದುಕೊಂಡು ಕೊಟ್ಟಿಗೆ ಕಡೆ ನಡೆಯುತ್ತಾನೆ. ಮಗ ನನ್ನ ಸೊಂಟದಿಂದ ತಾನಾಗಿಯೇ ಜಾರಿ ಹಿಂದೆ ಹೋಗುತ್ತಾನೆ. ಕರು ಹುಲ್ಲು ಎಳೆಯುವಾಗ ಅವನ ಬೆರಳಿಗೆ ನಾಲಿಗೆ ತಾಗಿ, ಕೈ ಹಿಂದೆಳೆದು, ಮತ್ತೆ ಚಾಚುತ್ತಾನೆ. ವಾಪಸ್ ಬರುವಾಗ ಅಜ್ಜನ ಬೆರಳು ಹಿಡಿದಿರುತ್ತಾನೆ. ಮಕ್ಕಳಿಗೆ ನೆಂಟರು ಹತ್ತಿರವಾಗುವುದು ಹೀಗೆ, ಅವರವರ ಹೊತ್ತಿಗೆ. ನಾವು ಅವಸರ ಮಾಡಬಾರದು.

ನೆಂಟರ ಮನೆ ಸುತ್ತುವುದಕ್ಕೂ ಮಿತಿ ಇರಲಿ. ದಿನಕ್ಕೆ ಎರಡು ಮನೆ ಸಾಕು. ಪ್ರತಿ ಮನೆಯಲ್ಲೂ "ಆಸರಿಗೆ ಎಂತ ಬೇಕು?", ಅಂದರೆ ಕುಡಿಯಲು ಏನು ಬೇಕು ಅಂತ ಕೇಳುತ್ತಾರೆ. ಕಷಾಯ, ಹಣ್ಣು, ತೊಡೆದೇವು ಎಲ್ಲ ಬರುತ್ತದೆ. ಯಾರದ್ದನ್ನೂ ಬೇಡ ಅನ್ನಲಾಗುವುದಿಲ್ಲ. ನಾಲ್ಕನೇ ಮನೆ ಮುಟ್ಟುವ ಹೊತ್ತಿಗೆ ಮಗುವಿಗೆ ಹೊಟ್ಟೆನೋವು, ನಮಗೆ ತಲೆನೋವು. ಒಬ್ಬರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ, ಮುಂದಿನ ಸಲ ಮೊದಲು ಅವರ ಮನೆಗೇ ಹೋದರಾಯಿತು.

ವಾಪಸ್ ಹೊರಡುವಾಗ ಡಿಕ್ಕಿ ತುಂಬುವವರು ಊರಿನವರು. ತೆಂಗಿನಕಾಯಿ, ಬಾಳೆಗೊನೆ, ಜೋನಿ ಬೆಲ್ಲದ ಡಬ್ಬ, ಅಪ್ಪೆಮಿಡಿ ಉಪ್ಪಿನಕಾಯಿ. ಎಲ್ಲ ತನ್ನಿ, ಆದರೆ ಒಂದನ್ನೂ ಮಕ್ಕಳ ಪಕ್ಕ ಅಥವಾ ತಲೆ ಹಿಂದಿನ ಹಲಗೆಯ ಮೇಲೆ ಇಡಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ತೆಂಗಿನಕಾಯಿ ಹಾರಿ ಬರುತ್ತದೆ. ಭಾರದ್ದು ಡಿಕ್ಕಿಯ ತಳಕ್ಕೆ, ಉಪ್ಪಿನಕಾಯಿ ಡಬ್ಬ ಬಟ್ಟೆಯ ಬ್ಯಾಗುಗಳ ಮಧ್ಯೆ ನೆಟ್ಟಗೆ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಿ, ಬೇರೆ ಯಾವ ತುರ್ತಿಗೂ 112. ಇವೆರಡು ನಂಬರು ಹೊರಡುವ ಮುಂಚೆಯೇ ಮೊಬೈಲಲ್ಲಿರಲಿ.