ಹಾಡುವ ಕುಕ್ಕರ್ ಟೋಕಿಯೋದಲ್ಲೇ ಉಳಿಯಿತು

2024ರ ನವೆಂಬರಿನಲ್ಲಿ ಟೋಕಿಯೋಗೆ ಹೊರಟಾಗ ಮನೆಯವಳು ಕೇಳಿದ್ದು ಒಂದೇ ಒಂದು. ಅನ್ನ ಆದಾಗ ಹಾಡು ಹೇಳುವ ಕುಕ್ಕರ್. ನನ್ನ ಪಟ್ಟಿಯನ್ನು ಅವಳಿಗೆ ತೋರಿಸಿರಲಿಲ್ಲ. ಅದರಲ್ಲಿ ಸೆಕೆಂಡ್‌ಹ್ಯಾಂಡ್ ಕ್ಯಾಮೆರಾ ಇತ್ತು.

ಟೋಕಿಯೋದಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೆಸರಾದ ಬಡಾವಣೆ ಅಕಿಹಬಾರ. ಅಲ್ಲಿನ ಸ್ಟೇಷನ್ನಿನ ಒಂದು ಬಾಗಿಲಿಗೆ 'ಎಲೆಕ್ಟ್ರಿಕ್ ಟೌನ್' ಅಂತಲೇ ಹೆಸರು. ಹೊರಗೆ ಬಂದರೆ ಕಂಡದ್ದು ಗೊಂಬೆಗಳು, ಕಟ್ಟಡದೆತ್ತರದ ಕಾರ್ಟೂನ್ ಹುಡುಗಿಯರು. ಎಲೆಕ್ಟ್ರಿಕ್ ಎಲ್ಲಪ್ಪಾ ಅಂತ ಹುಡುಕುತ್ತಾ ಸ್ಟೇಷನ್ನಿನ ಇನ್ನೊಂದು ಬದಿಗೆ ಹೋದೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಮಾರುವ ಯೊದೊಬಾಷಿ ಕಂಪನಿಯ ದೊಡ್ಡ ಮಳಿಗೆ, 2005ರಲ್ಲಿ ಶುರುವಾದದ್ದು. ಒಂದು ಹಾಡಿನ ರಾಗ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ರಾತ್ರಿ ಹಾಸಿಗೆಯಲ್ಲೂ ಬಿಡಲಿಲ್ಲ.

ಕುಕ್ಕರುಗಳ ಸಾಲು ನೋಡಿ ಖುಷಿಯಾಯಿತು. ಒಂದನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ: 100 ವೋಲ್ಟ್. ನಮ್ಮಲ್ಲಿ 230. ಹಾಗೇ ತಂದು ಚುಚ್ಚಿದರೆ ಹಾಡಲ್ಲ, ಹೊಗೆ ಬರುತ್ತದೆ. ಫೋನ್, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ ಸಾಮಾನ್ಯವಾಗಿ 100–240 ಅಂತ ಇರುತ್ತದೆ, ಅವಕ್ಕೆ ಪಿನ್ ಬದಲಿಸಿದರೆ ಸಾಕು. ಆದರೆ ಸಾವಿರ ವ್ಯಾಟ್‌ಗಿಂತ ಜಾಸ್ತಿ ಎಳೆಯುವ ಕುಕ್ಕರಿಗೆ ಟ್ರಾನ್ಸ್‌ಫಾರ್ಮರ್ ಬೇಕು. ಅದು ಕುಕ್ಕರಿಗಿಂತ ಭಾರ! ಹೊರದೇಶಕ್ಕೆಂದೇ ಮಾಡಿದ ಮಾದರಿಗಳು ಕೆಲವು ಟ್ಯಾಕ್ಸ್ ಫ್ರೀ ಅಂಗಡಿಗಳಲ್ಲಿ ಸಿಗುತ್ತವೆ. ನಾನು ನೋಡಿದ್ದು ಹಾಡುತ್ತಿರಲಿಲ್ಲ.

ಫೋನ್ ಮಾಡಿ ಹೇಳಿದೆ. "ಏನ್ರೀ, ಅಷ್ಟು ದೂರ ಹೋಗಿ ಕರೆಂಟ್ ಸರಿ ಇಲ್ಲ ಅಂತೀರಾ?" ಅಂದಳು.

ನಿಜ ಹೇಳಬೇಕೆಂದರೆ ಜಪಾನಿನ ಒಳಗೇ ಕರೆಂಟ್ ಒಂದೇ ಥರ ಇಲ್ಲ. ಮೊದಮೊದಲು ಟೋಕಿಯೋ ಜರ್ಮನಿಯಿಂದ ಜನರೇಟರ್ ತರಿಸಿತು, ಒಸಾಕ ಅಮೆರಿಕದಿಂದ. ಅದಕ್ಕೇ ಇಂದಿಗೂ ಪೂರ್ವಕ್ಕೆ 50 ಹರ್ಟ್ಸ್, ಅಂದರೆ ಕರೆಂಟಿಗೆ ಸೆಕೆಂಡಿಗೆ 50 ಆವರ್ತ, ಪಶ್ಚಿಮಕ್ಕೆ 60. ಇದನ್ನು ಅವಳಿಗೆ ಹೇಳಲು ಹೋಗಲಿಲ್ಲ.

ಮರುದಿನ ಹಳೇ ಕ್ಯಾಮೆರಾ ಅಂಗಡಿ. ಇಲ್ಲಿ ಹಳೆಯದು ಅಂದರೆ ಮುಜುಗರವಿಲ್ಲ. ಒಂದೊಂದಕ್ಕೂ ಚೀಟಿ. ದರ್ಜೆ ಎಷ್ಟು, ಗೀರು ಎಲ್ಲಿದೆ, ಡಬ್ಬ ಇದೆಯೇ ಇಲ್ಲವೇ, ಎಲ್ಲ ಬರೆದಿರುತ್ತಾರೆ. 'ಜಂಕ್' ಅಂತ ಬರೆದಿದ್ದರೆ ಮಾತ್ರ ಹುಷಾರು. ಕೆಲಸ ಮಾಡಿದರೆ ನಿಮ್ಮ ಪುಣ್ಯ, ವಾಪಸ್ ಗೀಪಸ್ ಇಲ್ಲ. ನನಗೆ ಬೇಕಾದ ಮಾದರಿ ಸಿಕ್ಕಿತು, ಬೆಲೆಯೂ ಹಿತವಾಗಿತ್ತು. ಪಾಸ್‌ಪೋರ್ಟ್ ತೆಗೆಯುವಷ್ಟರಲ್ಲಿ ಅಂಗಡಿಯ ಹುಡುಗ ಕೈ ಅಡ್ಡ ಹಿಡಿದ. ಕ್ಯಾಮೆರಾ ಆನ್ ಮಾಡಿ, ಮೆನು ತೋರಿಸಿ, ಅನುವಾದದ ಆ್ಯಪ್‌ನಲ್ಲಿ ಟೈಪ್ ಮಾಡಿ ತೋರಿಸಿದ: "ಜಪಾನಿ ಭಾಷೆ ಮಾತ್ರ. ಬದಲಾಗುವುದಿಲ್ಲ." ಒಳಗಿನ ಮಾರುಕಟ್ಟೆಗೆ ಮಾಡಿದ ಕೆಲವು ಕ್ಯಾಮೆರಾಗಳು ಹೀಗೇ ಅಂತೆ. ಮಾರಿ ಸುಮ್ನೆ ಇರಬಹುದಿತ್ತು, ಅಲ್ವಾ? ಈ ಊರಿನ ಸಾಮಾನು ಊರು ಬಿಟ್ಟು ಬರಲು ಒಪ್ಪುವುದೇ ಇಲ್ಲವೇನೋ ಅನ್ನಿಸಿತು.

ಕೊನೆಗೆ ಲೆನ್ಸ್ ಕೊಂಡೆ. ಲೆನ್ಸಿಗೆ ಭಾಷೆಯೂ ಇಲ್ಲ, ವೋಲ್ಟೂ ಇಲ್ಲ. ತೆರಿಗೆ ಬಿಟ್ಟು 5,000 ಯೆನ್ ದಾಟಿದ್ದರಿಂದ ಪಾಸ್‌ಪೋರ್ಟ್ ನೋಡಿ ಶೇ 10ರ ತೆರಿಗೆಯನ್ನು ಅಲ್ಲೇ ಬಿಟ್ಟರು. 2026ರ ನವೆಂಬರಿನಿಂದ ಈ ಸುಖ ಇರುವುದಿಲ್ಲ. ಪೂರ್ತಿ ಕೊಟ್ಟು, ದೇಶ ಬಿಡುವಾಗ ಸಾಮಾನು ತೋರಿಸಿದ ಮೇಲೆ ವಾಪಸ್ ಪಡೆಯಬೇಕು.

ಸಂಜೆ ರೈಲು ಹಳಿಯ ಕೆಳಗಿನ ರೇಡಿಯೋ ಸೆಂಟರ್‌ಗೆ ನುಗ್ಗಿದೆ. ಅಕಿಹಬಾರ ಅಂದರೆ ನನ್ನ ಮಟ್ಟಿಗೆ ಇದೇ. ಯುದ್ಧ ಮುಗಿದ ಮೇಲೆ ಬೀದಿಯಲ್ಲಿ ರೇಡಿಯೋ ಬಿಡಿಭಾಗ ಮಾರುತ್ತಿದ್ದವರನ್ನು 1949ರಲ್ಲಿ ಎಬ್ಬಿಸಿದರು, ಅವರು ಹಳಿಯ ಕೆಳಗೆ ಸೇರಿಕೊಂಡರು. ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ಇದರ ಮುಂದೆ ವಿಶಾಲ. ಕೈ ಚಾಚಿದರೆ ಎರಡೂ ಕಡೆ ತಗಲುತ್ತದೆ. ಡಬ್ಬಿ ಡಬ್ಬಿಗಳಲ್ಲಿ ರೆಸಿಸ್ಟರ್, ಕೆಪಾಸಿಟರ್, ಬಣ್ಣಬಣ್ಣದ ವೈರು. ತಲೆಯ ಮೇಲೆ ರೈಲು ಗುಡುಗಿದಾಗ ಎಲ್ಲವೂ ಸಣ್ಣಗೆ ನಡುಗುತ್ತವೆ.

ಒಬ್ಬ ಅಜ್ಜ ಸ್ವಿಚ್ಚುಗಳ ನಡುವೆ ತಾನೂ ಒಂದು ಬಿಡಿಭಾಗದಂತೆ ಕೂತಿದ್ದ. ಲೋಹದ ಪುಟ್ಟ ಸ್ವಿಚ್ ಒಂದನ್ನು ಎತ್ತಿ ಒತ್ತಿದೆ. ಟಿಕ್. ಎಷ್ಟು ಗಟ್ಟಿ ಸದ್ದು! ಮನೆಯ ಹಳೇ ಟೇಬಲ್ ಲ್ಯಾಂಪ್ ನೆನಪಾಯಿತು. ಅಭ್ಯಾಸಬಲದಿಂದ ತಿರುಗಿಸಿ ನೋಡಿದೆ. ಎರಡು ಸಾಲು ಕೊರೆದಿದ್ದರು: 125 ವೋಲ್ಟ್, ಅದರ ಪಕ್ಕ 250 ವೋಲ್ಟ್.

ಅಜ್ಜನಿಗೆ ಎರಡು ಬೆರಳು ತೋರಿಸಿದೆ.