ಗೆಜ್ಜಲಗೆರೆ ಡೈರಿಯೂ ಹಡಗಿನ ಪ್ಯೂರಿಫೈಯರೂ

ರಜೆಗೆ ಊರಿಗೆ ಬಂದರೆ ಸಾಕು, "ಹಡಗಲ್ಲಿ ಏನಪ್ಪಾ ಕೆಲ್ಸ? ಮಿಲ್ಟ್ರಿನಾ?" ಅಂತ ಕೇಳುತ್ತಾರೆ. ಅಲ್ಲ, ಸರಕು ಹೊರುವ ಹಡಗು. ಅದರ ಎಂಜಿನ್ ರೂಮಿನಲ್ಲಿ ನಾನು ಫೋರ್ತ್ ಎಂಜಿನಿಯರ್.

ಅವ್ವನಿಗೆ ಇದನ್ನು ಡೈರಿ ಲೆಕ್ಕದಲ್ಲೇ ಹೇಳಿದೆ. ನಮ್ಮನೆ ಹಾಲು ಹೋಗುವುದು ಗೆಜ್ಜಲಗೆರೆಯ ಮನ್‌ಮುಲ್‌ಗೆ, ಅಂದರೆ ಮಂಡ್ಯ ಹಾಲು ಒಕ್ಕೂಟದ ಡೈರಿಗೆ. ಹಾಲನ್ನು ಜೋರಾಗಿ ತಿರುಗಿಸಿ ಕೆನೆ ಬೇರೆ ಮಾಡುವ ಯಂತ್ರ ಗೊತ್ತಲ್ವಾ? ಹಡಗಿನ ಪ್ಯೂರಿಫೈಯರ್ ಅದೇ ಜಾತಿ. ನಮ್ಮ ಎಂಜಿನ್ ಕುಡಿಯುವ ಹೆವಿ ಫ್ಯೂಯಲ್ ಆಯಿಲ್ ಡಾಂಬರಿನ ತಮ್ಮ. ಅದನ್ನು 98 ಡಿಗ್ರಿ ತನಕ ಕಾಯಿಸಿ ಗಿರ್ರನೆ ತಿರುಗಿಸಿದರೆ ನೀರು, ಗಸಿ ಬೇರೆಯಾಗುತ್ತವೆ. ಕೆನೆ ಯಂತ್ರಕ್ಕೆ ಹೆಸರಾದ ಸ್ವೀಡನ್ನಿನ ಡಿ ಲಾವಲ್ 1883ರಲ್ಲಿ ಶುರು ಮಾಡಿದ ಕಂಪನಿಯೇ ಇವತ್ತಿನ ಆಲ್ಫಾ ಲಾವಲ್. ಎಷ್ಟೋ ಹಡಗುಗಳಲ್ಲಿರುವುದು ಅವರದೇ ಪ್ಯೂರಿಫೈಯರ್.

ಪ್ಯೂರಿಫೈಯರಿನಲ್ಲಿ ತಿರುಗುವ ಪಾತ್ರೆಗೆ ಬೌಲ್ ಅಂತಾರೆ. ಅದನ್ನು ಬಿಚ್ಚಿದರೆ ಒಳಗೆ ಒಂದರ ಮೇಲೊಂದು ಕೂತ ತೆಳು ಡಿಸ್ಕುಗಳು. ಒಂದೊಂದನ್ನೂ ಉಜ್ಜಿ ತೊಳೆದು, ಇದ್ದ ಕ್ರಮದಲ್ಲೇ ಜೋಡಿಸಬೇಕು. ಮುಚ್ಚಳ ಬಿಗಿಹಿಡಿಯುವ ಲಾಕ್ ರಿಂಗಿನ ಗುರುತಿಗೆ ಗುರುತು ಕೂರಬೇಕು. ಸುಮ್ನೆ ಬಿಗಿದು ಸ್ಟಾರ್ಟ್ ಒತ್ತುವಂತಿಲ್ಲ. ಅಷ್ಟು ವೇಗದಲ್ಲಿ ಬೌಲ್ ಅಲುಗಾಡಿದರೆ ಪಕ್ಕದಲ್ಲಿ ನಿಂತವನ ಗತಿ ನೀವೇ ಊಹಿಸಿ. ಸೆಕೆ ನಲವತ್ತು ಡಿಗ್ರಿ ದಾಟಿರುತ್ತದೆ, ಬಾಯ್ಲರ್ ಸೂಟ್ ಬೆವರಲ್ಲಿ ಒದ್ದೆ, ಕಿವಿಗೆ ಇಯರ್ ಮಫ್. ನಡುಸಮುದ್ರಕ್ಕೆ ಯಾವ ಮೆಕ್ಯಾನಿಕ್ಕೂ ಬರಲ್ಲ.

ಅದಕ್ಕೇ ಈ ಕಡೆಯ ಹುಡುಗರು ಸಂಬಳ ಕೇಳಿದರೆ, "ಗದ್ದೆ ಪಂಪ್‌ಸೆಟ್ ಯಾವತ್ತಾದ್ರೂ ಬಿಚ್ಚಿದ್ದೀಯಾ?" ಅಂತ ನಾನು ಮೊದಲು ಕೇಳುವುದು. ಕೈ ಮಸಿಯಾದರೆ ಬೇಜಾರಾಗುವವರು ಬೇರೆ ಕೆಲಸ ನೋಡುವುದು ಒಳ್ಳೆಯದು.

ದಾರಿ ಕಷ್ಟವೇನಿಲ್ಲ. ಪಿಯುಸಿಯಲ್ಲಿ ಪಿಸಿಎಂ ಓದಿದ್ದರೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಸಿಇಟಿ ಬರೆದು ನಾಲ್ಕು ವರ್ಷದ ಮರೀನ್ ಬಿಟೆಕ್. ನನ್ನ ಹಾಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದರೆ ಜಿಎಂಇ, ಅಂದರೆ ಪದವೀಧರರಿಗಿರುವ ಮರೀನ್ ಎಂಜಿನಿಯರಿಂಗ್ ಕೋರ್ಸ್. ಆಮೇಲೆ ಸಿಡಿಸಿ ಅನ್ನೋ ನಾವಿಕರ ಗುರುತಿನ ಪುಸ್ತಕ, ಜೂನಿಯರ್ ಆಗಿ ಹಡಗಿನಲ್ಲಿ ಕೆಲಸ ಮಾಡಿದ ಸೀ ಟೈಮ್, ನಂತರ ಹಡಗಿನ ಎಂಜಿನಿಯರ್ ಅಧಿಕಾರಿಯಾಗಲು ಬರೆಯುವ ಎಂಇಒ ಕ್ಲಾಸ್ ಫೋರ್ ಪರೀಕ್ಷೆ. ಅದರ ಓರಲ್ಸ್, ಅಂದರೆ ಮೌಖಿಕ ಪರೀಕ್ಷೆ, ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂನವರು ಹೆದರಬೇಕಿಲ್ಲ, ಆದರೆ ಯಂತ್ರದ ಮುಂದೆ ನಿಂತು ಬಾಯಿಬಿಟ್ಟು ವಿವರಿಸುವ ಅಭ್ಯಾಸ ಬೇಕು.

ದುಡ್ಡಿನ ವಿಷಯ ಮಾತ್ರ ಜೋರಾಗಿ ಹೇಳುತ್ತೇನೆ. ಮೊದಲು ಹಡಗು ಕಂಪನಿಯ ಸ್ಪಾನ್ಸರ್‌ಶಿಪ್ ನೋಡಿ, ಆಮೇಲೆ ಕೋರ್ಸ್ ಫೀ ಕಟ್ಟಿ. ಕೋರ್ಸ್ ಮುಗಿದ ತಕ್ಷಣ ಹಡಗು ಸಿಗುತ್ತದೆ ಅನ್ನೋ ಗ್ಯಾರಂಟಿ ಇಲ್ಲ. ನಮ್ಮ ಪಕ್ಕದೂರಿನ ಹುಡುಗನೊಬ್ಬ ಏಜೆಂಟಿಗೆ ಲಕ್ಷಗಟ್ಟಲೆ ಕೊಟ್ಟು ಮುಂಬೈ ಲಾಡ್ಜಿನಲ್ಲಿ ಕಾದು ಕಾದು ವಾಪಸ್ ಬಂದ. ಹಡಗಿಗೆ ಹತ್ತಿಸಲು ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವುದೇ ಕಾನೂನಿಗೆ ವಿರುದ್ಧ. ಏಜೆನ್ಸಿಗೆ ಆರ್‌ಪಿಎಸ್‌ಎಲ್, ಅಂದರೆ ಹಡಗಿಗೆ ಜನ ಸೇರಿಸುವ ಲೈಸೆನ್ಸ್, ಇದೆಯಾ ಅಂತ ಹಡಗು ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಇಲಾಖೆ ಡಿಜಿ ಶಿಪ್ಪಿಂಗ್‌ನ ವೆಬ್‌ಸೈಟಿನಲ್ಲಿ ನೋಡಿ.

ಹುಡುಗಿಯರಿಗೆ ಆಗುತ್ತಾ? ಸೊನಾಲಿ ಬ್ಯಾನರ್ಜಿ ಕೋಲ್ಕತ್ತದ ಮರೀನ್ ಎಂಜಿನಿಯರಿಂಗ್ ಸಂಸ್ಥೆ ಮೆರಿಯಲ್ಲಿ ಓದಿ 1999ರಲ್ಲೇ ದೇಶದ ಮೊದಲ ಮಹಿಳಾ ಮರೀನ್ ಎಂಜಿನಿಯರ್ ಆದರು. ನಮ್ಮ ಚಿಕ್ಕಪ್ಪನ ಮಗಳು ಈಗ ಸಿಇಟಿಗೆ ಓದುತ್ತಿದ್ದಾಳೆ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಚಿಕ್ಕಮ್ಮ ಫಾರಂ ತುಂಬಿ ಆಗಿದೆ.